ಶಾರ್ಕ್‌ಗಳ ಅತಿ ದೊಡ್ಡ ಗಣ

ಕರ್ನಾಟಕದ ಕರಾವಳಿಯಲ್ಲಿ ತಾಟೆ, ಮುಂಬಯಿಯಲ್ಲಿ ಮುಶಿ, ಚೆನ್ನೈಯಲ್ಲಿ ಸುರಾ ಎಂದು ಕರೆಯಲ್ಪಡುವ ಶಾರ್ಕ್ ಮೀನುಗಳೆಲ್ಲವೂ ಒಂದೇ ಬಗೆಯವಲ್ಲ. ಪ್ರಪಂಚದಲ್ಲಿ 500ಕ್ಕೂ ಹೆಚ್ಚು ಪ್ರಭೇದಗಳ ಶಾರ್ಕ್‌ಗಳಿವೆ. ಇವುಗಳಲ್ಲಿ ಅರ್ಧಕ್ಕಿಂತ ಅಧಿಕ ಪ್ರಭೇದಗಳು ಕಾರ್ಕರೈನಿಫಾರ್ಮಿಸ್ ಎಂಬ ಒಂದೇ ಗಣಕ್ಕೆ ಸೇರಿವೆ. ಇವುಗಳ ಪೈಕಿ ಕೆಲವನ್ನು ನಮ್ಮ ದೇಶದಲ್ಲಿ ಹಿಡಿಯುವಂತಿಲ್ಲ. ಆದುದರಿಂದ ಇವುಗಳನ್ನು ಗುರುತಿಸುವ ಬಗೆಯನ್ನು ಅರಿಯುವುದು ಅವಶ್ಯಕ.

ಸಾಮಾನ್ಯ ಲಕ್ಷಣಗಳು

ಎಲ್ಲ ಶಾರ್ಕ್‌ಗಳಂತೆ ಇವುಗಳ ಅಸ್ಥಿಪಂಜರವೂ ಮೃದ್ವಸ್ಥಿಯಿಂದ ರಚಿತವಾಗಿದೆ. ತಲೆಯ ಎರಡು ಪಾರ್ಶ್ವಗಳಲ್ಲಿ ಐದೈದು ಕಿವಿರು ಸೀಳುಗಳಿರುತ್ತವೆ. ಬೆನ್ನಿನ ಮೇಲೆ ಸಾಮಾನ್ಯವಾಗಿ ಮುಳ್ಳಿಲ್ಲದ ಎರಡು ಈಜುರೆಕ್ಕೆಗಳೂ ಹೊಟ್ಟೆಯ ಕೆಳಗೆ ಬಾಲದ ಸಮೀಪದಲ್ಲಿ ಇನ್ನೊಂದು ಈಜುರೆಕ್ಕೆಯೂ ಇರುತ್ತವೆ. ಬಾಯಿಯು ಕಣ್ಣುಗಳಿಗಿಂತ ಹಿಂದಕ್ಕೆ ಚಾಚಿರುತ್ತದೆ. ಕಣ್ಣಿನ ಕೆಳಭಾಗದಿಂದ ಮೇಲಕ್ಕೆ ಸರಿಯುವ ನಿಮೇಷಕ ಪಟಲವು ಈ ಗಣದ ವಿಶೇಷ ಗುರುತು. ಬೇಟೆಯನ್ನು ಕಚ್ಚುವಾಗ ಈ ಪೊರೆಯು ಕಣ್ಣನ್ನು ರಕ್ಷಿಸುತ್ತದೆ.

ಮುಖ್ಯ ಕುಟುಂಬಗಳು

ಕಾರ್ಕರೈನಿಡೆ ಕುಟುಂಬದಲ್ಲಿ ಬುಲ್ ಶಾರ್ಕ್, ಗಂಗಾ ಶಾರ್ಕ್ ಮುಂತಾದವು ಸೇರಿವೆ. ಪ್ರಾಣಿಶಾಸ್ತ್ರದ ವಿದ್ಯಾರ್ಥಿಗಳಿಗೆ ಪರಿಚಿತವಾದ ಪುಟ್ಟ ಸ್ಕೋಲಿಯೋಡಾನ್ ಸಹ ಇದೇ ಕುಟುಂಬದ್ದು. ಸ್ಫಿರ್ನಿಡೆ ಕುಟುಂಬದವುಗಳ ತಲೆಯು ಸುತ್ತಿಗೆಯಂತೆ ಎರಡು ಪಕ್ಕಗಳಿಗೂ ಚಾಚಿರುತ್ತದೆ. ಈ ಎರಡು ಕುಟುಂಬಗಳ ಶಾರ್ಕ್‌ಗಳು ಮರಿ ಹಾಕುತ್ತವೆ. ಸಮುದ್ರತಳದಲ್ಲಿ ವಾಸಿಸುವ ಬೆಕ್ಕು ಶಾರ್ಕ್‌ಗಳಲ್ಲಿ ಬಹುತೇಕ ಪ್ರಭೇದಗಳು ಗಟ್ಟಿ ಕವಚವುಳ್ಳ ಮೊಟ್ಟೆಗಳನ್ನಿಡುತ್ತವೆ.

ಸಂರಕ್ಷಣೆ

ಈ ಗಣದ ಕೆಲವು ದೊಡ್ಡ ಪ್ರಭೇದಗಳು ಪ್ರೌಢಾವಸ್ಥೆಗೆ ಬರಲು ಹತ್ತು ವರ್ಷಗಳಿಗೂ ಹೆಚ್ಚು ಕಾಲ ಬೇಕು. ಅವು ಹಾಕುವ ಮರಿಗಳ ಸಂಖ್ಯೆಯೂ ಕಡಿಮೆ. ಆದುದರಿಂದ ಮಿತಿಮೀರಿದ ಮೀನುಗಾರಿಕೆಯಿಂದಾದ ನಷ್ಟವು ಬೇಗನೆ ತುಂಬಿಬರುವುದಿಲ್ಲ. ಗಂಗಾ ಶಾರ್ಕ್ ಮತ್ತು ಪುದುಚೇರಿ ಶಾರ್ಕ್‌ಗಳನ್ನು 2001ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಒಂದನೆಯ ಅನುಸೂಚಿಗೆ ಸೇರಿಸಲಾಯಿತು.

ನದಿಗಳನ್ನು ಪ್ರವೇಶಿಸುವ ಬುಲ್ ಶಾರ್ಕನ್ನೇ ಗಂಗಾ ಶಾರ್ಕ್ ಎಂದು ಭಾವಿಸುವುದುಂಟು. ಗಂಗಾ ಶಾರ್ಕಿನ ಬೆನ್ನಿನ ಎರಡನೆಯ ಈಜುರೆಕ್ಕೆಯು ಮೊದಲನೆಯದರ ಸುಮಾರು ಅರ್ಧದಷ್ಟು ಎತ್ತರವಿರುತ್ತದೆ. ಬುಲ್ ಶಾರ್ಕಿನಲ್ಲಿ ಅದು ಇನ್ನೂ ಚಿಕ್ಕದು. ಈಜುರೆಕ್ಕೆಗಳನ್ನು ಕತ್ತರಿಸಿಬಿಟ್ಟರೆ ಇಂತಹ ಗುರುತುಗಳೇ ಅಳಿಸಿಹೋಗುತ್ತವೆ. ಈಜುರೆಕ್ಕೆಗಳನ್ನು ದೇಹದಿಂದ ಬೇರ್ಪಡಿಸದೆಯೇ ಶಾರ್ಕ್‌ಗಳನ್ನು ದಡಕ್ಕೆ ತರಬೇಕೆಂಬ ನೀತಿಯನ್ನು ಕೇಂದ್ರ ಸರ್ಕಾರವು 2013ರಲ್ಲಿ ಅಂಗೀಕರಿಸಿತು. 2015ರಲ್ಲಿ ಶಾರ್ಕ್ ಈಜುರೆಕ್ಕೆಗಳ ರಫ್ತನ್ನು ನಿಷೇಧಿಸಲಾಯಿತು.

ಸಂರಕ್ಷಿತ ಶಾರ್ಕ್ ಬಲೆಗೆ ಬಿದ್ದಾಗ ಅದನ್ನು ಗುರುತಿಸಿ ಜೀವಂತವಾಗಿ ನೀರಿಗೆ ಬಿಡುವುದು ಮೀನುಗಾರರ ಕರ್ತವ್ಯ. ಅದರ ಮಾಂಸವನ್ನು ಕೊಳ್ಳದಿರುವುದು ಗ್ರಾಹಕರ ಹೊಣೆ.