ಹಿತ್ತಿಲ ತರಕಾರಿಗೆ ಕೈಗುಣ ಬೇಕೆ?

“ನನ್ನ ಕೈಗುಣವೇ ಸರಿಯಿಲ್ಲ, ನೆಟ್ಟದ್ದೊಂದೂ ಬದುಕುವುದಿಲ್ಲ.” ಮಂಗಳೂರಿನಲ್ಲಿ ತರಕಾರಿ ಬೆಳೆಯಲು ಹೊರಟು ಒಂದೇ ವರ್ಷಕ್ಕೆ ಕೈಬಿಟ್ಟವರ ಬಾಯಲ್ಲಿ ಈ ಮಾತನ್ನು ಎಷ್ಟು ಸಲ ಕೇಳಿದ್ದೇನೋ. ಯಾವಾಗ ಬಿತ್ತಿದಿರಿ, ಏನು ಬಿತ್ತಿದಿರಿ ಎಂದು ವಿಚಾರಿಸಿದರೆ ಉತ್ತರ ಹೆಚ್ಚುಕಡಿಮೆ ಒಂದೇ: ಜೂನಿನಲ್ಲಿ, ಟೊಮೆಟೊ. ಆ ತಿಂಗಳಲ್ಲಿ ಆ ಬೆಳೆ ಈ ಊರಿನಲ್ಲಿ ಯಾರ ಕೈಗೂ ಸುಲಭವಾಗಿ ಒಲಿಯುವುದಿಲ್ಲ. ಕೈಗುಣದ ಮೇಲೆ ಹೊರಿಸುವ ತಪ್ಪುಗಳೆಲ್ಲ ಕಾಲದ್ದೋ ಮಣ್ಣಿನದ್ದೋ ಹುಳದ್ದೋ ಆಗಿರುತ್ತವೆ.

“ಮಳೆಗಾಲದಲ್ಲಿ ಶುರು ಮಾಡಿದರೆ ನೀರಿನ ಚಿಂತೆಯಿಲ್ಲ”

ನಮ್ಮಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಬಯಲುಸೀಮೆಯವರು ಮಳೆ ನೋಡಿ ಬಿತ್ತುತ್ತಾರೆ, ಅಲ್ಲಿಗೆ ಅದು ಸರಿ. ಇಲ್ಲಿ ಜುಲೈ ಮಳೆಗೆ ಹರಿವೆಯ ಎಳೆ ಸಸಿ ಮಣ್ಣಿನೊಂದಿಗೇ ಕೊಚ್ಚಿಹೋಗುತ್ತದೆ, ಬೇರಿಗೆ ಉಸಿರಾಡಲು ಗಾಳಿ ಸಿಗದೆ ಗಿಡ ಕೊಳೆಯುತ್ತದೆ, ಹಾಕಿದ ಗೊಬ್ಬರದ ಸಾರ ಚರಂಡಿ ಸೇರುತ್ತದೆ.

ಹಿಂದಿನವರಿಗೆ ಇದು ಚೆನ್ನಾಗಿ ಗೊತ್ತಿತ್ತು. ಆಟಿ ತಿಂಗಳ ಊಟವನ್ನೇ ನೋಡಿ: ಪತ್ರೊಡೆ, ತಜಂಕ್, ತಿಮರೆ, ಉಪ್ಪಿನಲ್ಲಿಟ್ಟ ಹಲಸಿನ ಸೊಳೆ. ಹೆಚ್ಚಿನವು ತಾವಾಗಿ ಹುಟ್ಟಿದವು ಅಥವಾ ಮೊದಲೇ ಕಾಪಿಟ್ಟವು. ಬೇಸಿಗೆಯಲ್ಲಿ ಬೆಳೆದ ಮಂಗಳೂರು ಸೌತೆಯನ್ನು ಬಾಳೆನಾರಿನಲ್ಲಿ ಕಟ್ಟಿ ಮಾಡಿನ ಅಡಿಗೆ ಸಾಲಾಗಿ ತೂಗುಹಾಕುತ್ತಿದ್ದುದೂ ಮಳೆಗಾಲದಲ್ಲಿ ತರಕಾರಿ ಸಿಗುವುದಿಲ್ಲವೆಂದೇ.

ಮಳೆಗಾಲಕ್ಕೆ ಒಗ್ಗುವ ಬೆಳೆಗಳಿಲ್ಲವೆಂದಲ್ಲ. ಬೆಂಡೆ, ಹೀರೆ, ಪಡುವಲ, ಮುಳ್ಳುಸೌತೆಗಳನ್ನು ಮೇ ಕೊನೆಯಲ್ಲಿ, ಪತ್ತನಾಜೆಯ ಹೊತ್ತಿಗೆ, ಒಂದಡಿ ಎತ್ತರಿಸಿದ ಮಣ್ಣಿನ ಮೇಲೆ ಬಿತ್ತಿದರೆ ಜೋರು ಮಳೆ ಹಿಡಿಯುವಾಗ ಗಿಡಕ್ಕೆ ಬೇರೂರಿರುತ್ತದೆ. ಆದರೆ ಮೊದಲ ಸಲ ಮಾಡುವವರು ನವರಾತ್ರಿ ಕಳೆಯುವವರೆಗೆ ಕಾಯಿರಿ. ಅಕ್ಟೋಬರ್ ಕೊನೆಯಿಂದ ಫೆಬ್ರವರಿಯವರೆಗೆ ಬಿಸಿಲೂ ಹದ, ಬಾವಿಯಲ್ಲಿ ನೀರೂ ಇರುತ್ತದೆ. ಹರಿವೆ ಚೆಲ್ಲಿದರೆ ಒಂದು ತಿಂಗಳಲ್ಲಿ ಸಾರಿಗೆ ಬರುತ್ತದೆ.

“ಮುರಕಲ್ಲಿನ ಮಣ್ಣಿನಲ್ಲಿ ಏನೂ ಆಗುವುದಿಲ್ಲ”

ಕೆಂಪು ಮಣ್ಣಿಗೆ ಬಂಜರೆಂಬ ಹೆಸರು ಸುಮ್ಮನೆ ಬಂದಿದೆ. ಸಾವಿರಾರು ವರ್ಷಗಳ ಮಳೆ ಇದರೊಳಗಿನ ಸುಣ್ಣ, ಪೊಟ್ಯಾಷ್‌ಗಳನ್ನು ತೊಳೆದುಕೊಂಡು ಹೋಗಿ ಕಬ್ಬಿಣ, ಅಲ್ಯೂಮಿನಿಯಮ್ ಅಂಶಗಳನ್ನು ಉಳಿಸಿದೆ. ಹಾಗಾಗಿ ಮಣ್ಣು ಹುಳಿ, ಮತ್ತು ರಂಜಕ ಇದ್ದರೂ ಬೇರಿಗೆ ಸಿಗದಂತೆ ಕಟ್ಟಿಕೊಂಡಿರುತ್ತದೆ. ದುಬಾರಿ ಚೀಲದ ಗೊಬ್ಬರ ತಂದು ಸುರಿಯುವ ಮೊದಲು ಆ ಹುಳಿ ತಗ್ಗಿಸಬೇಕು. ಒಂದು ಚದರ ಮೀಟರಿಗೆ ಎರಡು ಹಿಡಿ ಕೃಷಿ ಸುಣ್ಣ ಬೆರೆಸಿ, ಎರಡು ವಾರ ಬಿಟ್ಟು ಒಣಗಿ ಹುಡಿಯಾದ ಹಟ್ಟಿಗೊಬ್ಬರ ಹಾಕಿ. ಎರಡನ್ನೂ ಒಟ್ಟಿಗೆ ಹಾಕಿದರೆ ಗೊಬ್ಬರದ ಸಾರಜನಕ ಗಾಳಿಗೆ ಹೋಗುತ್ತದೆ. ತರಗೆಲೆಯ ಜೊತೆ ಮಣ್ಣು ಸುಟ್ಟು ಸುಡುಮಣ್ಣು ಮಾಡುತ್ತಿದ್ದ ಹಳೆಯ ಪದ್ಧತಿಯಲ್ಲೂ ಬೂದಿ ಮಾಡುತ್ತಿದ್ದುದು ಈ ಕೆಲಸವನ್ನೇ. ನಿಮ್ಮ ಮಣ್ಣಿನ ಬಗ್ಗೆ ಸಂಶಯವಿದ್ದರೆ ಕಂಕನಾಡಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ.

“ಟೊಮೆಟೊ ಎಲ್ಲಕ್ಕಿಂತ ಸುಲಭ”

ಕೋಲಾರದಲ್ಲಿ ಇರಬಹುದು. ಕರಾವಳಿಯ ಹುಳಿ ಮಣ್ಣು, ಸೆಕೆ, ತೇವ ಮೂರೂ ಸೇರಿದಲ್ಲಿ ಸೊರಗು ರೋಗದ ಬ್ಯಾಕ್ಟೀರಿಯಾಕ್ಕೆ ಹಬ್ಬ. ಬೆಳಿಗ್ಗೆ ಚೆನ್ನಾಗಿದ್ದ ಗಿಡ ಮಧ್ಯಾಹ್ನಕ್ಕೆ ಜೋತುಬೀಳುತ್ತದೆ, ಎಲೆ ಮಾತ್ರ ಹಸಿರಾಗಿಯೇ ಇರುತ್ತದೆ. ನೀರು ಸಾಲದಾಯಿತೆಂದು ನಾವು ಇನ್ನಷ್ಟು ಹೊಯ್ಯುತ್ತೇವೆ. ಕೆಲವೇ ದಿನಗಳಲ್ಲಿ ಗಿಡ ಸತ್ತಿರುತ್ತದೆ. ಕಾರಣ ಕಣ್ಣಾರೆ ನೋಡಬೇಕಾದರೆ ಬುಡದ ಹತ್ತಿರ ದಂಟು ಕತ್ತರಿಸಿ ಗಾಜಿನ ಲೋಟದ ತಿಳಿನೀರಿನಲ್ಲಿ ಅಲ್ಲಾಡದಂತೆ ಹಿಡಿಯಿರಿ. ಸ್ವಲ್ಪ ಹೊತ್ತಿಗೆ ತುದಿಯಿಂದ ಹಾಲಿನಂಥ ಬಿಳಿ ಎಳೆ ಇಳಿದರೆ ಅದೇ ರೋಗ. ಅದಕ್ಕೆ ಮದ್ದಿಲ್ಲ. ಗಿಡ ಕಿತ್ತು ದೂರ ಹಾಕಿ, ಆ ಜಾಗದಲ್ಲಿ ಬದನೆ, ಮೆಣಸು ನೆಡದೆ ಅಲಸಂಡೆಯೋ ಹರಿವೆಯೋ ಹಾಕಿ. ಟೊಮೆಟೊ ಬೇಕೇ ಬೇಕೆಂದರೆ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ತಳಿ ಈ ರೋಗ ತಡೆದುಕೊಳ್ಳುತ್ತದೆ. ಹೊಸ ಮಣ್ಣು ತುಂಬಿದ ಚೀಲದಲ್ಲಿ ಅದನ್ನು ಬೆಳೆಸಿ.

“ಮಿಡಿಗೆ ಬೆರಳು ತೋರಿಸಿದರೆ ಕೊಳೆಯುತ್ತದೆ”

ಚಿಕ್ಕವರಿದ್ದಾಗ ನಾವೆಲ್ಲ ಬೈಸಿಕೊಂಡವರೇ. ಸೌತೆ ಮಿಡಿಗೆ ಬೆರಳು ತೋರಿಸಬಾರದು, ತೋರಿಸಿದರೆ ಬೆರಳು ಮಡಚಿ ಕಚ್ಚಿಕೊಳ್ಳಬೇಕು. ಹಿರಿಯರ ಮಾತನ್ನು ಹಗುರ ಮಾಡಲು ಇದನ್ನು ಎತ್ತಿದ್ದಲ್ಲ. ದೃಷ್ಟಿಯಾಯಿತೆಂದು ಸುಮ್ಮನಾದರೆ ನಿಜವಾದ ಕಾರಣ ಹುಡುಕುವುದೇ ಇಲ್ಲ, ಮುಂದಿನ ಮಿಡಿಯೂ ಹಾಗೆಯೇ ಹೋಗುತ್ತದೆ.

ಕಾರಣಗಳು ಮುಖ್ಯವಾಗಿ ಎರಡು. ಸೌತೆ, ಹೀರೆ, ಹಾಗಲದ ಬಳ್ಳಿಯಲ್ಲಿ ಗಂಡು ಹೂ, ಹೆಣ್ಣು ಹೂ ಬೇರೆ ಬೇರೆ. ಮೊದಲು ಬರುವವು ಗಂಡು ಹೂಗಳು. ಅವು ಉದುರುವುದು ಸಹಜ. ಹೆಣ್ಣು ಹೂವಿನ ಹಿಂದೆ ಪುಟ್ಟ ಮಿಡಿ ಇರುತ್ತದೆ. ಅದಕ್ಕೆ ಪರಾಗ ಮುಟ್ಟದಿದ್ದರೆ ಮಿಡಿ ಹಳದಿಯಾಗಿ ಮುರುಟುತ್ತದೆ. ಮೇಲಿನ ಮಹಡಿಯ ಬಾಲ್ಕನಿಗೆ ದುಂಬಿ, ಜೇನು ಬರುವುದು ಕಡಿಮೆ, ಹಾಗಾಗಿ ಅಲ್ಲಿ ಆ ಕೆಲಸ ನೀವೇ ಮಾಡಬೇಕು: ಗಂಡು ಹೂ ಕಿತ್ತು, ದಳ ಬಿಡಿಸಿ, ಹೆಣ್ಣು ಹೂವಿನ ನಡುವಿಗೆ ಮೆಲ್ಲಗೆ ಸವರಿ. ಸೌತೆ, ಹಾಗಲಕ್ಕೆ ಬೆಳಿಗ್ಗೆ. ಹೀರೆ ಹೂ ಅರಳುವುದು ಸಂಜೆ, ಹಾಗಾಗಿ ಅದಕ್ಕೆ ಸಂಜೆಯೇ.

ಎರಡನೆಯದು ಹಣ್ಣುನೊಣ. ಕೊಳೆತ ಮಿಡಿಯನ್ನು ಎಸೆಯದೆ ಸೀಳಿ ನೋಡಿ. ಬಿಳಿ ಹುಳಗಳು ಮಿಜಿಗುಟ್ಟುತ್ತಿದ್ದರೆ ನೊಣ ಸಿಪ್ಪೆ ಚುಚ್ಚಿ ಮೊಟ್ಟೆಯಿಟ್ಟಿದೆ. ಮಾವಿನ ನೊಣಕ್ಕೆ ಇಡುವ ತುಳಸಿರಸದ ಬಲೆಗೆ ಈ ನೊಣ ಬರುವುದಿಲ್ಲ. ಇದಕ್ಕೆ ಕ್ಯೂಲ್ಯೂರ್ ಬಲೆಯೇ ಬೇಕು, ಅದರಲ್ಲೂ ಬೀಳುವುದು ಗಂಡು ನೊಣ ಮಾತ್ರ. ಅದಕ್ಕಿಂತ ಅಗ್ಗದ ಉಪಾಯ, ಮಿಡಿ ಕಟ್ಟಿದ ಕೂಡಲೇ ಕಾಗದದ ಲಕೋಟೆ ತೊಡಿಸುವುದು. ಬಿದ್ದ ಕಾಯಿಯನ್ನು ಗೊಬ್ಬರದ ಗುಂಡಿಗೆ ಹಾಕಬೇಡಿ, ಹುಳ ಮಣ್ಣಿಗಿಳಿದು ಮತ್ತೆ ನೊಣವಾಗುತ್ತದೆ. ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಬಿಸಿಲಿಗೆ ಇಡಿ.

“ಕುಂಡದ ತಳಕ್ಕೆ ಹಂಚಿನ ಚೂರು ತುಂಬಿದರೆ ನೀರು ಬೇಗ ಇಳಿಯುತ್ತದೆ”

1865ರಲ್ಲಿ ಬಾಸೆಲ್ ಮಿಷನ್ ಹಂಚಿನ ಕಾರ್ಖಾನೆ ತೆರೆದ ಊರು ನಮ್ಮದು, ಒಡೆದ ಹಂಚಿಗೆ ಇಲ್ಲಿ ಬರವಿಲ್ಲ. ಆದರೆ ನಯವಾದ ಮಣ್ಣಿನಿಂದ ದಪ್ಪ ಚೂರುಗಳ ಪದರಕ್ಕೆ ನೀರು ಸುಲಭವಾಗಿ ಇಳಿಯುವುದಿಲ್ಲ. ಮಣ್ಣು ಪೂರ್ತಿ ನೆನೆದ ಮೇಲಷ್ಟೇ ಇಳಿಯುತ್ತದೆ. ಪದರ ದಪ್ಪವಾದಷ್ಟೂ ಬೇರು ಒದ್ದೆಯಲ್ಲಿ ನಿಲ್ಲುತ್ತದೆ. ತೂತಿನ ಮೇಲೆ ಒಂದೇ ಚೂರು ಸಾಕು, ಅದು ಮಣ್ಣು ಸೋರದಂತೆ. ಕುಂಡದಡಿಯ ತಟ್ಟೆಯ ನೀರನ್ನು ಆಗಾಗ ಚೆಲ್ಲಿ. ಡೆಂಗಿ, ಮಲೇರಿಯಾಗಳನ್ನು ಸಾಕಷ್ಟು ಕಂಡ ಊರಿನಲ್ಲಿ ಸೊಳ್ಳೆಗೆ ಜಾಗ ಕೊಡಬಾರದು.

ಈ ದೀಪಾವಳಿಗೆ ಬೀಜದಂಗಡಿಗೆ ಹೋಗುವುದೂ ಬೇಡ. ಮಾರುಕಟ್ಟೆಯಿಂದ ಒಂದು ಕಟ್ಟು ಬಸಳೆ ತನ್ನಿ. ಎಲೆ ಪದಾರ್ಥಕ್ಕಿರಲಿ, ದಪ್ಪ ದಂಟಿನಲ್ಲಿ ನಾಲ್ಕು ಗಂಟಿರುವ ಎರಡು ತುಂಡು ತೆಗೆದಿಟ್ಟು, ಎರಡು ಗಂಟು ಮಣ್ಣಿನೊಳಗೆ ಹೋಗುವಂತೆ ನೆಡಿ, ಮೇಲೊಂದು ದೊಂಪ ಕಟ್ಟಿ. ಎರಡು ತಿಂಗಳೊಳಗೆ ಮೊದಲ ಕೊಯ್ಲು ಸಿಗುತ್ತದೆ.