ಜ್ವರದ ಅಂಕಿ ಹೇಳದಿರುವುದು

ಸೊಲ್ಲಾಪುರ ಜಿಲ್ಲೆಯ ಅಕ್ಕಲಕೋಟೆ ತಾಲ್ಲೂಕಿನ ಅನೇಕ ಹಳ್ಳಿಗಳಲ್ಲಿ ಮನೆಮಾತು ಕನ್ನಡವಾಗಿದ್ದು, ದವಾಖಾನೆಯ ವ್ಯವಹಾರ ಹೆಚ್ಚಾಗಿ ಮರಾಠಿಯಲ್ಲಿ ನಡೆಯುವುದರಿಂದ, ಕಾಯಿಲೆಬಿದ್ದ ಮಗುವಿನಲ್ಲಿ ತಾಯಿ ಏನನ್ನು ಗಮನಿಸಿದಳು, ಅದನ್ನು ಎಷ್ಟು ಖಚಿತವಾಗಿ ಹೇಳಬಲ್ಲಳು ಎಂಬುದು ಚಿಕಿತ್ಸೆಯ ದಿಕ್ಕನ್ನೇ ನಿರ್ಧರಿಸಬಹುದು. ಮೈ ಸುಡುತ್ತಿದೆ ಎಂಬ ದೂರು ಎಲ್ಲಕ್ಕಿಂತ ಮೊದಲು ಬರುತ್ತದೆಯಾದರೂ, ಜ್ವರದ ಅಂಕಿಯೊಂದೇ ರೋಗದ ತೀವ್ರತೆಯನ್ನು ತಿಳಿಸಲಾರದು. ಎರಡು ತಿಂಗಳೊಳಗಿನ ಶಿಶುವಿನ ವಿಚಾರ ಮಾತ್ರ ಬೇರೆ: ಕಂಕುಳಲ್ಲಿ ಅಳೆದಾಗ 99.5 ಡಿಗ್ರಿ ಫ್ಯಾರನ್‌ಹೀಟ್ ಅಥವಾ ಅದಕ್ಕಿಂತ ಹೆಚ್ಚು ಕಂಡರೂ, ಮೈ ತಣ್ಣಗಾದರೂ, ತಡಮಾಡದೆ ವೈದ್ಯರಿಗೆ ತೋರಿಸಬೇಕು.

ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ 1990ರ ದಶಕದಲ್ಲಿ ರೂಪಿಸಿದ ಮಕ್ಕಳ ತಪಾಸಣಾ ಕ್ರಮವನ್ನು ಭಾರತವು ಹುಟ್ಟಿದ ಮೊದಲ ವಾರದ ಶಿಶುಗಳನ್ನೂ ಸೇರಿಸಿ 2003ರಲ್ಲಿ ಅಳವಡಿಸಿಕೊಂಡಿತು. ಎರಡು ತಿಂಗಳಿಂದ ಐದು ವರ್ಷದವರೆಗಿನ ಮಗು ಏನನ್ನೂ ಕುಡಿಯಲಾರದಿದ್ದರೆ, ಕುಡಿದದ್ದನ್ನೆಲ್ಲ ವಾಂತಿ ಮಾಡಿದರೆ, ಅದಕ್ಕೆ ಫಿಟ್ಸ್ ಬಂದರೆ, ಅಥವಾ ಎಬ್ಬಿಸಿದರೂ ಎಚ್ಚರಗೊಳ್ಳದೆ ಮಂಕಾಗಿ ಬಿದ್ದಿದ್ದರೆ, ಇವುಗಳಲ್ಲಿ ಒಂದೇ ಕಂಡರೂ ಬೆಳಗಾಗಲಿ ಎಂದು ಕಾಯುವಂತಿಲ್ಲವೆಂದು ಆ ಕ್ರಮ ಹೇಳುತ್ತದೆ.

ಕೆಮ್ಮಿರುವ ಮಗುವಿನಲ್ಲಿ ಉಸಿರಾಟವನ್ನು ಎಣಿಸುವುದು, ಯಾವ ಯಂತ್ರವೂ ಬೇಕಿಲ್ಲದ, ಆದರೂ ಮನೆಗಳಲ್ಲಿ ತೀರ ಅಪರೂಪವಾಗಿ ನಡೆಯುವ ಪರೀಕ್ಷೆ. ಎಳೆಯ ಮಕ್ಕಳ ಉಸಿರು ಒಂದೇ ಲಯದಲ್ಲಿ ನಡೆಯದ ಕಾರಣ, ಮಗು ಅಳದೆ, ಹಾಲು ಕುಡಿಯದೆ ಶಾಂತವಾಗಿರುವಾಗ ಅಂಗಿ ಸರಿಸಿ ಪೂರ್ತಿ ಒಂದು ನಿಮಿಷ ಎಣಿಸಬೇಕು. ಎರಡು ತಿಂಗಳೊಳಗೆ 60, ಒಂದು ವರ್ಷದೊಳಗೆ 50, ಐದು ವರ್ಷದೊಳಗೆ 40 ಅಥವಾ ಅದಕ್ಕಿಂತ ಹೆಚ್ಚಾದರೆ ಅದು ವೇಗದ ಉಸಿರು, ನ್ಯುಮೋನಿಯಾದ ಶಂಕೆಗೆ ಸಾಕಾದ ಕಾರಣ. ಸೋಂಕಿನಿಂದ ಬಿಗಿದ ಶ್ವಾಸಕೋಶವು ಸುಲಭವಾಗಿ ಹಿಗ್ಗದಿರುವಾಗ, ಉಸಿರೆಳೆದಂತೆಲ್ಲ ಎದೆಯ ಕೆಳಭಾಗ ಒಳಕ್ಕೆ ಸೆಳೆದುಕೊಳ್ಳುವುದು ಇನ್ನೂ ಗಂಭೀರ ಲಕ್ಷಣ. ಸೊಲ್ಲಾಪುರದಲ್ಲಿ ಮಗುವನ್ನು ಪಕ್ಕದಲ್ಲಿ ಮಲಗಿಸಿಕೊಂಡು ಮನೆಯಲ್ಲೇ ಬೀಡಿ ಕಟ್ಟುವ ತಾಯಂದಿರಿಗೆ ಇದನ್ನು ಒಮ್ಮೆ ತೋರಿಸಿಕೊಟ್ಟರೆ ಸಾಕು. ದಿನವಿಡೀ ಮಗುವಿನ ಮೇಲಿರುವ ಅವರ ಕಣ್ಣಿಗೆ ಅದು ಎಲ್ಲರಿಗಿಂತ ಮೊದಲು ಬೀಳುತ್ತದೆ.

ಪಾದರಸ 40 ಡಿಗ್ರಿ ಸೆಲ್ಸಿಯಸ್ ದಾಟುವ ಇಲ್ಲಿನ ಬೇಸಿಗೆಯಲ್ಲಿ ವಾಂತಿಭೇದಿಯು ಮಗುವಿನ ನೀರಿನಂಶವನ್ನು ಬೇಗ ಬತ್ತಿಸುತ್ತದೆ. ಗುಳಿಬಿದ್ದ ಕಣ್ಣು, ಕಡಿಮೆಯಾದ ಮೂತ್ರ, ಹೊಟ್ಟೆಯ ಚರ್ಮವನ್ನು ಚಿವುಟಿ ಬಿಟ್ಟಾಗ ನಿಧಾನವಾಗಿ ಮರಳುವುದು ಇದರ ಗುರುತುಗಳಾದರೂ, ಸೊರಗಿದ ಮಗುವಿನಲ್ಲಿ ಚರ್ಮ ಹೇಗೂ ನಿಧಾನವಾಗಿಯೇ ಮರಳುವುದರಿಂದ ಅದೊಂದನ್ನೇ ನಂಬಲಾಗದು. ಭೇದಿಯೆಂದು ಎದೆಹಾಲು, ಊಟ ನಿಲ್ಲಿಸುವ ರೂಢಿ ನಿಜಕ್ಕೂ ಅಪಾಯಕಾರಿ. ಒಂದು ಲೀಟರಿನ ಓಆರ್‌ಎಸ್ ಪೊಟ್ಟಣವನ್ನು ಅಷ್ಟೇ ಶುದ್ಧ ನೀರಿನಲ್ಲಿ ಕದಡಿ ಗುಟುಕು ಗುಟುಕಾಗಿ ಕುಡಿಸಬೇಕು. ವೈದ್ಯರು ಕೊಟ್ಟ ಜಿಂಕ್ ಮಾತ್ರೆಯನ್ನು ಭೇದಿ ನಿಂತರೂ 14 ದಿನ ಪೂರೈಸಬೇಕು.

ಅಕ್ಕಲಕೋಟೆಯಿಂದ ಸೊಲ್ಲಾಪುರದ ಸಿವಿಲ್ ಆಸ್ಪತ್ರೆಗೆ ಸುಮಾರು 40 ಕಿಲೋಮೀಟರ್ ದೂರವಿರುವುದರಿಂದ, ಅಪಾಯದ ಲಕ್ಷಣ ಕಂಡೊಡನೆ 108ಕ್ಕೆ ಕರೆಮಾಡಬೇಕು. ಮಗು ಕೊನೆಯ ಸಲ ಹಾಲು ಕುಡಿದದ್ದು, ಮೂತ್ರ ಮಾಡಿದ್ದು ಯಾವಾಗ, ಯಾವ ಔಷಧ ಎಷ್ಟು ಹೊತ್ತಿಗೆ ಕೊಟ್ಟದ್ದು ಎಂಬುದನ್ನು ಚೀಟಿಯಲ್ಲಿ ಬರೆದುಕೊಂಡು, ಔಷಧದ ಬಾಟಲಿಯನ್ನೂ ಜೊತೆಗೆ ಒಯ್ಯಬೇಕು.