ಉಡಾವಣೆ ತಡೆಯುವ ಅಧಿಕಾರ ಮತ್ತು ಪೂರೈಕೆದಾರರ ಬಾಕಿ

ಚೆನ್ನೈನ ಖಾಸಗಿ ಸಂಸ್ಥೆ ಅಗ್ನಿಕುಲ್ ಕಾಸ್ಮೋಸ್ 2024ರ ಮೇ 28ರಂದು ಶ್ರೀಹರಿಕೋಟಾದಲ್ಲಿ ತನ್ನ ‘ಅಗ್ನಿಬಾಣ್’ ರಾಕೆಟ್ಟನ್ನು ಹಾರಿಸಲು ಸಿದ್ಧವಾಗಿತ್ತು. ಎಣಿಕೆ ಮುಗಿಯಲು ಸುಮಾರು 6 ಸೆಕೆಂಡುಗಳಿದ್ದಾಗ, ಇಂಧನ ಹೊತ್ತಿಸುವ ಸಾಧನವನ್ನು ಪರಿಶೀಲಿಸಲು ಉಡಾವಣೆಯನ್ನು ತಡೆಹಿಡಿಯಲಾಯಿತು. ಮಾರ್ಚ್ ಮತ್ತು ಏಪ್ರಿಲ್‌ನಲ್ಲಿಯೂ ಹೀಗೆಯೇ ಮುಂದೂಡಲಾಗಿತ್ತು. ಮೇ 30ರ ಬೆಳಗ್ಗೆ ರಾಕೆಟ್ ಯಶಸ್ವಿಯಾಗಿ ಹಾರಿತು.

ಖಾಸಗಿ ಬಂಡವಾಳದ ಸಾಹಸಕ್ಕೆ ಇಷ್ಟೊಂದು ತಡೆ ಏಕೆಂಬ ಪ್ರಶ್ನೆ ಸಹಜ. 1972ರಲ್ಲಿ ಜಾರಿಗೆ ಬಂದ ಅಂತರರಾಷ್ಟ್ರೀಯ ಹೊಣೆಗಾರಿಕೆ ಒಪ್ಪಂದದ ಪ್ರಕಾರ, ರಾಕೆಟ್ಟಿನಿಂದ ಪರದೇಶದ ನೆಲದಲ್ಲಿ ಹಾನಿಯಾದರೆ, ತಪ್ಪು ಯಾರದೆಂದು ಸಾಬೀತುಪಡಿಸದಿದ್ದರೂ, ಉಡಾವಣೆ ಮಾಡಿದ ರಾಷ್ಟ್ರವೇ ಪರಿಹಾರ ಕೊಡಬೇಕು. ಲಾಭ ಕಂಪನಿಯದಾದರೂ ಹೊಣೆ ಸರ್ಕಾರದ್ದು. ಆದ್ದರಿಂದಲೇ 2020ರಲ್ಲಿ ರಚನೆಯಾದ ಇನ್-ಸ್ಪೇಸ್ ಸಂಸ್ಥೆಯ ಅನುಮತಿ ಇಲ್ಲದೆ ಖಾಸಗಿಯವರು ಉಡಾವಣೆ ಮಾಡುವಂತಿಲ್ಲ.

ಹಾರಾಟದ ವೇಳೆ ಸುರಕ್ಷತಾ ಎಂಜಿನಿಯರುಗಳು ರಾಕೆಟ್ಟಿನ ಪಥವನ್ನು ಎವೆಯಿಕ್ಕದೆ ಗಮನಿಸುತ್ತಾರೆ. ಅದು ಗೊತ್ತುಪಡಿಸಿದ ಮಾರ್ಗ ಬಿಟ್ಟರೆ ನಾಶಪಡಿಸುವ ಆದೇಶ ಕಳುಹಿಸುತ್ತಾರೆ. 2010ರ ಡಿಸೆಂಬರ್ 25ರಂದು ಇಸ್ರೋದ ಜಿಎಸ್ಎಲ್‌ವಿ-ಎಫ್06 ದಾರಿ ತಪ್ಪಿದಾಗ ಸುಮಾರು ಒಂದು ನಿಮಿಷದಲ್ಲಿ ಹಾಗೆಯೇ ಮಾಡಬೇಕಾಯಿತು. ಅಗ್ನಿಬಾಣದಲ್ಲಿಯೂ ಇಸ್ರೋ ಒದಗಿಸಿದ ಇಂಥ ವ್ಯವಸ್ಥೆಯಿತ್ತು. ಎಲ್ಲವೂ ಸುಸೂತ್ರವಾದ ದಿನ ಇವರ ಕೆಲಸ ಯಾರ ಕಣ್ಣಿಗೂ ಬೀಳದು. ಹಂಗಾಮಿಗೆ ಮೊದಲು ಸಕ್ಕರೆ ಕಾರ್ಖಾನೆಯ ಬಾಯ್ಲರ್ ಪರೀಕ್ಷಿಸುವವರ ಪಾಡೂ ಅಷ್ಟೆ.

ಹುಕ್ಕೇರಿ ತಾಲೂಕಿನ ಹತ್ತರಗಿಯ ವಿಶೇಷ ಆರ್ಥಿಕ ವಲಯದಲ್ಲಿ ಈಗಾಗಲೇ ವಿಮಾನದ ಬಿಡಿಭಾಗಗಳು ತಯಾರಾಗುತ್ತಿವೆ. ಕೊಣ್ಣೂರ, ಗೋಕಾಕದ ಸಣ್ಣ ಉದ್ದಿಮೆದಾರರಿಗೂ ನಾಳೆ ರಾಕೆಟ್ ಬಿಡಿಭಾಗದ ಬೇಡಿಕೆ ಬರಬಹುದು. ಈ ವ್ಯವಹಾರದಲ್ಲಿ ಅಳತೆ ಸರಿಯಿದ್ದರೆ ಸಾಲದು. ಲೋಹ ಎಲ್ಲಿಂದ ಬಂತು, ಯಾವ ಎರಕದ್ದು, ಯಾರು ಪರೀಕ್ಷಿಸಿದರು ಎಂಬುದಕ್ಕೆ ದಾಖಲೆ ಬೇಕು. ದಾಖಲೆಯಿಲ್ಲದ ಭಾಗ ಎಷ್ಟೇ ಚೆನ್ನಾಗಿದ್ದರೂ ತಿರಸ್ಕೃತವಾಗುತ್ತದೆ.

ಇಲ್ಲಿ ಹಣದ ವಿಷಯ ಬರುತ್ತದೆ. 2006ರ ಎಂಎಸ್ಎಂಇ ಅಭಿವೃದ್ಧಿ ಕಾಯಿದೆಯಂತೆ, ಒಪ್ಪಂದದಲ್ಲಿ ಏನೇ ಬರೆದಿದ್ದರೂ, ಅತಿಸಣ್ಣ ಮತ್ತು ಸಣ್ಣ ಉದ್ದಿಮೆಗಳ ಬಾಕಿಗೆ 45 ದಿನಗಳ ಮಿತಿಯಿದೆ. ಆದರೆ ಅದು ಸರಕಿನ ಸ್ವೀಕೃತಿಯಿಂದ ಲೆಕ್ಕ. ಸರಕು ತಲುಪಿದ 15 ದಿನಗಳೊಳಗೆ ಖರೀದಿದಾರ ಲಿಖಿತ ಆಕ್ಷೇಪ ಸಲ್ಲಿಸಿದರೆ, ಪೂರೈಕೆದಾರ ಅದನ್ನು ನಿವಾರಿಸಿದ ದಿನವೇ ಸ್ವೀಕೃತಿಯ ದಿನ. ಎಂಜಿನಿಯರೊಬ್ಬರ ಸಂದೇಹ ಮೂರು ತಿಂಗಳು ಬಗೆಹರಿಯದಿದ್ದರೆ ಬಾಕಿಯೂ ಅಷ್ಟು ಕಾಲ ನಿಲ್ಲುತ್ತದೆ; ಬ್ಯಾಂಕಿನ ಬಡ್ಡಿ ಮಾತ್ರ ನಿಲ್ಲದು. ದೂರವಾಣಿಯಲ್ಲಿ ಹೇಳಿದ ಆಕ್ಷೇಪಕ್ಕೆ ಈ ಬಲವಿಲ್ಲ. ಆದ್ದರಿಂದ ಸರಕು ತಲುಪಿದ ದಿನಾಂಕದ ರಸೀದಿ, ಆಕ್ಷೇಪದ ಪತ್ರ, ಅದನ್ನು ನಿವಾರಿಸಿದ ದಿನದ ದಾಖಲೆ ಈ ಮೂರನ್ನೂ ಬಿಲ್ಲಿನ ಜೊತೆಗೇ ಕಾಯ್ದಿರಿಸಬೇಕು.